ಕೊನೆಯ ಕನ್ನಡಿ

ತಾಳೆಗರಿಯ ಬೀಸಣಿಗೆಯ ಒಣ ವಾಸನೆ ಬಂದರೆ ಈಗಲೂ ಕಸ್ಬಾದ ನಮ್ಮ ಬಾಡಿಗೆ ಮನೆಯ ಆ ಮಧ್ಯಾಹ್ನ ಕಣ್ಣೆದುರು ನಿಲ್ಲುತ್ತದೆ.

ಅಪ್ಪನ ಬ್ಯಾಂಕಿನ ಮ್ಯಾನೇಜರು ಮಗನನ್ನು ಕರೆದುಕೊಂಡು ಊಟಕ್ಕೆ ಬಂದಿದ್ದರು. ಹುಡುಗ ತನ್ನ ವಿಡಿಯೋ ಗೇಮನ್ನು ನಮ್ಮ ಟಿವಿಗೆ ಜೋಡಿಸಿದ. ಪರದೆಯ ಮೇಲಿನ ಕನ್ನಡಿಗಳನ್ನು ತಿರುಗಿಸಿ, ಬೆಳಕಿನ ಗೆರೆಯನ್ನು ಮೂಲೆಯ ಬಾಗಿಲಿಗೆ ಮುಟ್ಟಿಸಬೇಕಿತ್ತು. ರಜೆಯಿಡೀ ಆಡಿದರೂ ಅವನಿಗೆ ಅದು ಬಗೆಹರಿದಿರಲಿಲ್ಲ. ನಾನು ಕೂತೆ. ಕೊನೆಗೆ ಒಂದೇ ಒಂದು ಕನ್ನಡಿ ಉಳಿಯಿತು.

"ನಿನ್ನ ಕೈಲಾಗದ್ದು ಈ ಹುಡುಗಿಗೆ ಆಗ್ತಾ ಉಂಟಲ್ಲ!" ಎಂದು ಮ್ಯಾನೇಜರು ಮಗನನ್ನು ಹಂಗಿಸಿದರು. ಅವನ ತುಟಿ ನಡುಗಿತು.

ಅಪ್ಪ ತಟ್ಟನೆ ಎದ್ದು ಒಳಗೆ ಹೋದರು. ಎಲ್ಲೋ ಕಟಕ್ಕೆಂದಿತು. ಟಿವಿ ಆರಿತು, ಫ್ಯಾನು ನಿಂತಿತು.

"ಲೋಡ್ ಶೆಡ್ಡಿಂಗ್ ಸಾರ್, ಈ ಊರಲ್ಲಿ ದಿನಾ ಇದೇ ಕತೆ" ಎನ್ನುತ್ತ ಬಂದ ಅಪ್ಪ, ಬೀಸಣಿಗೆ ಹಿಡಿದು ಹುಡುಗನಿಗೆ ಗಾಳಿ ಹಾಕತೊಡಗಿದರು.

"ನಾನು ಗೆಲ್ತಿದ್ದೆ ಅಪ್ಪ."

"ನಿಂಗೆಲ್ಲಿ ಅಷ್ಟು ಬುದ್ಧಿ ಉಂಟು? ಸುಮ್ಮನೆ ಎಂತದೋ ಒತ್ತಿದ್ದು."

ಎಲ್ಲರೂ ನಕ್ಕರು. ಹುಡುಗನೂ ನಕ್ಕ.

ಕಿಟಕಿಯಾಚೆ, ಎದುರು ಮನೆಯ ಫ್ಯಾನು ಭರ್ರೆಂದು ತಿರುಗುತ್ತಿತ್ತು. ನಾನು ಬೆರಳೆತ್ತುವಷ್ಟರಲ್ಲಿ ಅಮ್ಮ ಎದ್ದು ಬಂದು ಕಿಟಕಿ ಮುಚ್ಚಿದಳು.