ಕ್ಯಾರಿಯರ್ ಮೇಲೆ ಲಾಡಬಿ

ರಾಜಮಹ್ಮದ ತಂತಿಯ ತುದಿಯನ್ನು ಇಕ್ಕಳದಲ್ಲಿ ಹಿಡಿದು ಕೊನೆಯ ಸುತ್ತು ಬಿಗಿದ. ಸೈಕಲ್ಲಿನ ಹಿಂದಿನ ಗಾಲಿಯನ್ನು ಎತ್ತಿ ಗಿರ್ರನೆ ತಿರುಗಿಸಿ ಬ್ರೇಕು ಹಿಡಿದ. ಗಾಲಿ ಗಪ್ಪನೆ ನಿಂತಿತು.

"ನೋಡಿದಿ? ಇದಕ್ಕ ಅಂಗಡಿ ಬೇಕಂತ!" ಎಂದು ಹೆಂಡತಿಯ ಕಡೆ ತಿರುಗಿದ.

ಲಾಡಬಿ ನೋಡಿದ್ದಳು. ಗಾಲಿ ನಿಂತದ್ದನ್ನೂ ನೋಡಿದ್ದಳು, ಬ್ರೇಕಿನ ಕಡ್ಡಿಗೆ ಬೋಲ್ಟಿನ ಬದಲು ಸುತ್ತಿದ್ದ ತಂತಿ ಒಂದು ಎಳೆಯಷ್ಟು ಸರಿದದ್ದನ್ನೂ ನೋಡಿದ್ದಳು. ನಿನ್ನೆ ಸಂಜೆ ಆ ಬೋಲ್ಟು ಎಲ್ಲೋ ಕಳಚಿ ಬಿದ್ದು, ಗಂಡ ಇಳಿಜಾರಿನಲ್ಲಿ ಮರಳಿನ ಗುಡ್ಡೆಗೆ ನುಗ್ಗಿ ಮೊಣಕೈ ಕೆತ್ತಿಸಿಕೊಂಡು ಬಂದಿದ್ದ. ಮರಳಿತ್ತು, ಬಚಾವಾದ. ತಾವಿರುವ ಈ ಸಡಾ ಗುಡ್ಡದ ಇಳಿಜಾರಿನಲ್ಲಿ ದಿನವೂ ಇವನಿಗಾಗಿ ಯಾರು ಮರಳು ಸುರಿದಿಡುತ್ತಾರೆ?

"ನಾನಪ್ಪನ ಸೈಕಲ್ ಅಂಗಡಿ ದಾರಿಯಾಗ ಐತಿ. ಹೊಸಾ ಬೋಲ್ಟ್ ಹಾಕಿಸಿದ್ರ ಮುಗೀತಲ್ರಿ."

"ನಾನಪ್ಪಗ ಈಗ ಮೊಬೈಲ್ ಕೂಪನ್ ಮಾರೂದ್ರಾಗ ಪುರುಸೊತ್ತಿಲ್ಲ. ನಾ ಕಟ್ಟಿದ ಲೋಡ್ ಒಮ್ಮೆರೆ ಬಿಚ್ಚೇತೇನು? ಬೆಳಗಾವಿ ಮುಟ್ಟೂತನಾ ಹಗ್ಗ ಅಳ್ಳಾಡಂಗಿಲ್ಲ. ಈ ಸೈಕಲ್ ಯಾವ ಮಹಾ!"

ಅದು ಸುಳ್ಳಲ್ಲ. ಲಾರಿಗೆ ಹೇರಿದ ಸರಕನ್ನು ಅವನಷ್ಟು ಬಿಗಿಯಾಗಿ ಕಟ್ಟುವವರು ಬಂದರಿನಲ್ಲಿ ಇನ್ನೊಬ್ಬರಿರಲಿಲ್ಲ. ಮನೆಯ ತಗಡಿನ ಮಾಡು, ಕಾಲು ಮುರಿದ ಮಂಚ, ಬಚ್ಚಲಿನ ಬಾಗಿಲು ಎಲ್ಲ ಅವನ ತಂತಿಯ ಮೇಲೇ ನಿಂತಿದ್ದವು. ಆದರೆ ಅವು ಕಟ್ಟಿದಲ್ಲಿ ತೆಪ್ಪಗಿರುವ ವಸ್ತುಗಳು. ಬ್ರೇಕಿನ ಕಡ್ಡಿ ಹಿಡಿದಾಗಲೆಲ್ಲ ಜಗ್ಗಬೇಕು, ಬಿಟ್ಟಾಗಲೆಲ್ಲ ಹಿಂದೆ ಸರಿಯಬೇಕು. ತಂತಿ ಎಷ್ಟು ದಿನ ತಡೆದೀತು? ಇದನ್ನು ಹೇಳಹೋದರೆ ಹೊತ್ತು ನೆತ್ತಿಗೇರುವವರೆಗೂ ವಾದ ಮಾಡುತ್ತಾನೆ ಮಹಾರಾಯ. ಅಷ್ಟರಲ್ಲಿ ಅವಳು ಚಪಾತಿ ಲಟ್ಟಿಸುವ ವಾಸ್ಕೋದ ಕ್ಯಾಂಟೀನಿನಲ್ಲಿ ಬೈಗುಳ ಶುರುವಾಗಿರುತ್ತದೆ.

ಲಾಡಬಿ ಡಬ್ಬಿಯ ಚೀಲ ಹೆಗಲಿಗೇರಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ದಿನದಂತೆ ಕ್ಯಾರಿಯರ್ ಮೇಲೆ ಕುಳಿತೇಬಿಟ್ಟಳು.

"ನಡೀರಿ. ನೀವು ಸರಿ ಮಾಡೀರಿ ಅಂದಮ್ಯಾಲ ನನಗ್ಯಾಕ ಅಂಜಿಕಿ?"

ದನಿಯಲ್ಲಿ ಕೊಂಕಿರಲಿಲ್ಲ. ಆ ತಂತಿಯ ಮೇಲೆ ಅವಳಿಗೆ ಕಿಂಚಿತ್ತೂ ನಂಬಿಕೆಯಿರಲಿಲ್ಲ; ಗಂಡನ ಮೇಲಿತ್ತು.

ಸಪಾಟು ಓಣಿಯುದ್ದಕ್ಕೂ ರಾಜಮಹ್ಮದ ಸಿಳ್ಳೆ ಹಾಕುತ್ತಲೇ ತುಳಿದ. ನಾನಪ್ಪನ ಅಂಗಡಿಯ ಮುಂದೆ ಬೇಕೆಂದೇ ಗಂಟೆ ಬಾರಿಸಿ ಮುಂದೆ ಹೋದ. ಅಂಗಡಿ ದಾಟಿದರೆ ರಸ್ತೆ ಕೆಳಕ್ಕೆ ಧುಮುಕುತ್ತದೆ. ತುದಿಯಲ್ಲಿ ಬಂದರಿನ ಕ್ರೇನುಗಳು, ಆಚೆ ಸಮುದ್ರ. ಅಲ್ಲಿ ಸಿಳ್ಳೆ ನಿಂತಿತು. ಅವನು ಒಂದು ಕಾಲು ನೆಲಕ್ಕೂರಿ ಬ್ರೇಕನ್ನು ಒಮ್ಮೆ ಹಿಚುಕಿ ನೋಡಿದ. ಮತ್ತೊಮ್ಮೆ ಹಿಚುಕಿದ. ಲಾಡಬಿ ಅವನ ಅಂಗಿಯನ್ನು ಹಿಂದಿನಿಂದ ಹಿಡಿದು ಕುಳಿತೇ ಇದ್ದಳು.

ರಾಜಮಹ್ಮದ ಸೈಕಲ್ಲಿನಿಂದ ಇಳಿದ.

"ನಾನೂ ಇಳೀಲೇನ್ರಿ?"

"ಬ್ಯಾಡ, ಕುಂತಿರು."

ಹೆಂಡತಿಯನ್ನು ಕೂರಿಸಿಕೊಂಡೇ ಸೈಕಲ್ಲು ತಿರುಗಿಸಿ, ತಳ್ಳಿಕೊಂಡು ಅಂಗಡಿಗೆ ವಾಪಸಾದ. ಚಹಾ ಕುಡಿಯುತ್ತಿದ್ದವರು ಮುಸಿಮುಸಿ ನಕ್ಕರು. ನಾನಪ್ಪ ತಂತಿಯ ಕಡೆ ಬಗ್ಗಿ ನೋಡಿ, "ಬ್ರೇಕಿಗೆ ಏನಾಗೈತೋ?" ಎಂದ.

"ಏನೂ ಆಗಿಲ್ಲ, ನಾನ ಸರಿ ಮಾಡೇನಿ," ರಾಜಮಹ್ಮದನ ಎದೆ ಇನ್ನೂ ಸೆಟೆದೇ ಇತ್ತು. "ನಾ ಒಬ್ಬಾಂವ ಹೋಗಾಕ ಅಡ್ಡಿ ಇಲ್ಲ. ಇಕಿ ಕುಂಡ್ರತಾಳಲ್ಲ, ಅದಕ್ಕ ಒಂದು ಬೋಲ್ಟ್ ಹಾಕು."

ಲಾಡಬಿಗೆ ಬೇಕಾದದ್ದು ಆಗಿತ್ತು. ಆದರೂ ಒಬ್ಬನೇ ಹೋಗಲು ಅಡ್ಡಿಯಿಲ್ಲ ಎಂದ ಅವನ ಮಾತು ಅವಳಿಗೆ ಸರಿಬರಲಿಲ್ಲ. ನಾನಪ್ಪ ಬೋಲ್ಟು ಬಿಗಿಯುವ ಪಾನಾ ಹಿಡಿದು ಕಾಯುತ್ತಿದ್ದರೂ ಅವಳು ಕ್ಯಾರಿಯರ್ ಬಿಟ್ಟು ಇಳಿಯಲಿಲ್ಲ.

"ಇಲ್ಕೇಳ್ರಿ," ಎಂದಳು, ಗಂಡನ ಅಂಗಿ ಜಗ್ಗಿ. "ನೀವು ಒಬ್ರ ಹೋಗೂವಾಗನೂ, ಹಿಂದ ನಾ ಕುಂತೇನಿ ಅಂತ ತಿಳ್ಕೊಂಡು ಹೋಗ್ರಿ."