ಕಟ್ಟಿಗೆಯ ಆಸ್ಪತ್ರೆ

“ಮ್ಯಾಲಿನ ಹೊದಿಕಿ ತಗಿ ಉಡಚಪ್ಪ, ಒಳಗ ಹ್ಯಾಂಗೈತಿ ನೋಡೂನು,” ಎಂದಳು ಗುತ್ತೆವ್ವ.

ಬಡಿಗ ಉಡಚಪ್ಪ ಸಾಗವಾನಿಯ ಪುಟ್ಟ ಚಾವಣಿಯನ್ನು ಎತ್ತಿ ಬದಿಗಿಟ್ಟ. ತಿಳವಳ್ಳಿಯಲ್ಲಿ ಸಾಹುಕಾರ ಮಹಾಲಿಂಗಪ್ಪ ಕಟ್ಟಿಸಲಿದ್ದ ಹೆರಿಗೆ ಆಸ್ಪತ್ರೆಯ ಮಾದರಿ ಅದು. ಧಾರವಾಡದಿಂದ ನಕ್ಷೆಯ ನೀಲಿ ಕಾಗದ ಬಂದಾಗ ಊರ ಹಿರಿಯರೆಲ್ಲ ತಲೆಯಾಡಿಸಿದ್ದರು. ಒಬ್ಬರಿಗೂ ಅದು ತಿಳಿದಿರಲಿಲ್ಲ. ೧೯೩೮ರ ಯುಗಾದಿ ಮುಗಿದ ಮೇಲಿನ ಸೋಮವಾರ ಅಡಿಗಲ್ಲು ಇಡಲು ಜಿಲ್ಲೆಯ ದೊಡ್ಡ ಸಾಹೇಬರು ಬರುವವರಿದ್ದರು. ಅವರಿಗೆ ತೋರಿಸಲೆಂದು ಸಾಹುಕಾರ ಈ ಮಾದರಿ ಮಾಡಿಸಿದ್ದ. ನಾಲ್ಕು ಅಡಿಗೆ ಒಂದು ಇಂಚಿನಂತೆ, ನಕ್ಷೆಯ ಒಂದು ಗೆರೆಯೂ ತಪ್ಪದ ಹಾಗೆ, ಉಡಚಪ್ಪ ಇಪ್ಪತ್ತು ದಿನ ಕೂತು ಮಾಡಿದ್ದ.

ಗುತ್ತೆವ್ವ ನಲವತ್ತು ವರ್ಷಗಳಿಂದ ಆ ಊರಿನ ಸೂಲಗಿತ್ತಿ; ಮಾದರಿ ನೋಡಲೆಂದೇ ಸಾಹುಕಾರನ ಪಡಸಾಲೆಗೆ ಬಂದಿದ್ದಳು. ತನ್ನೆರಡು ಬೆರಳುಗಳನ್ನು ಬಾಣಂತಿಯ ಕೋಣೆಯಿಂದ ಹೊರಗೆ ನಡೆಸಿಕೊಂಡು ಬಂದಳು. ಅಂಗಳದ ನಡುವೆ ಬೆರಳು ನಿಂತವು.

“ಬಚ್ಚಲ ಎಲ್ಲೈತಿ?”

“ಅಂಗಳ ದಾಟಿ, ಆ ಕಡೆ.”

“ಈ ಉದ್ದನ್ನ ಕಟ್ಟಿ?”

“ಗಂಡಸರು ಕುಂದ್ರಾಕ.”

“ಅಂದ್ರ ಹಸಿ ಬಾಣಂತಿ ಇವರೆಲ್ಲಾರ ಕಣ್ಮುಂದ ರಗತಾ ಸುರಿಸಿಕೋತ ಹೋಗಬೇಕೇನು?”

ಅವಳ ಕೂಗಿಗೆ ಒಳಗಿನಿಂದ ಮಹಾಲಿಂಗಪ್ಪನೇ ಎದ್ದು ಬಂದ. ಬಗ್ಗಿ ನೋಡಿದ. ತಾನು ಕಟ್ಟಿಸುತ್ತಿರುವುದು ಏನೆಂದು ಅವನಿಗೂ ಆಗಲೇ ತಿಳಿದದ್ದು. ಮೀಸೆ ತಿರುವುತ್ತ ಹೇಳಿದ:

“ನಕ್ಷೆ ಮಂಜೂರಾಗೇತಿ. ತಿದ್ದಾಕ ಕಳಿಸಿದ್ರ ಮತ್ತೊಂದು ವರ್ಷ ಹೋಗತೈತಿ. ಉಡಚಪ್ಪ, ಈ ಮಾದರಿಯೊಳಗ ಗಂಡಸರ ಕಟ್ಟಿಗೆ ಅಡ್ಡ ಒಂದು ಗ್ವಾಡಿ ಹಚ್ಚು. ಈ ತಪ್ಪು ಸಾಹೇಬರ ಕಣ್ಣಿಗೆ ಬೀಳಬಾರದು.”

“ಆಸ್ಪತ್ರಿ ಕಟ್ಟೂ ಮುಂದನೂ ಆ ಗ್ವಾಡಿ ಬರತೈತೇನ್ರಿ?”

“ನಕ್ಷೆದಾಗ ಇಲ್ಲದ್ದು ಹ್ಯಾಂಗ ಬರತೈತಿ? ಹೇಳಿದಷ್ಟು ಮಾಡು.”

ಉಡಚಪ್ಪ ಉಳಿ, ಕೊಡತಿಗಳನ್ನು ಚೀಲಕ್ಕೆ ತುರುಕಿದ. “ಇಲ್ಲದ ಗ್ವಾಡಿ ತೋರಸಾಂವ ನಾ ಅಲ್ರಿ. ಬ್ಯಾರೆ ಯಾರನರ ಕರೀರಿ,” ಎಂದವನು ತಿರುಗಿ ನೋಡದೆ ಹೊರಟ.

“ಹೆಂಗಸರ ಆಸ್ಪತ್ರಿ ಕಟ್ಟಾವ್ರು ಒಬ್ಬ ಹೆಂಗಸಿಗರ ಕೇಳಿದ್ರೇನು?” ಗುತ್ತೆವ್ವ ಸಿಟ್ಟಿನಿಂದ ಸಾಹುಕಾರನನ್ನು ಕೇಳಿದಳು.

“ನೀ ಸುಮ್ಮನ ಮನಿಗೆ ನಡಿ,” ಎಂದು ಸಾಹುಕಾರ ಗದರಿದ.

ಹಾನಗಲ್ಲಿನಿಂದ ಬಂದ ಬಡಿಗ ಒಂದೇ ತಾಸಿನಲ್ಲಿ ಗೋಡೆ ಅಂಟಿಸಿಕೊಟ್ಟ. ಸೋಮವಾರ ಸಾಹೇಬರು ಆ ಗೋಡೆಯ ಮೇಲೇ ಬೆರಳಿಟ್ಟು ಮೆಚ್ಚಿಕೊಂಡರು. ಆಸ್ಪತ್ರೆ ಎದ್ದಿತು, ಗೋಡೆ ಏಳಲಿಲ್ಲ. ಗುತ್ತೆವ್ವ ಮನೆಮನೆಗೆ ಹೋಗಿ ಆ ಕಟ್ಟೆಯ ಸಂಗತಿ ಹೇಳಿದಳು. ಊರಿನ ಹೆಂಗಸರು ಹಿಂದಿನಂತೆ ಮನೆಯಲ್ಲೇ ಹೆತ್ತರು. ಆಸ್ಪತ್ರೆಯ ಮಂಚಗಳ ಮೇಲೆ ಧೂಳು ಕೂತಿತು.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಸಾಹುಕಾರನ ಗಾಡಿ ಗುತ್ತೆವ್ವನ ಬಾಗಿಲಿಗೆ ಬಂತು. ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದ ಅವನ ಮಗಳಿಗೆ ಬೇನೆ ಶುರುವಾಗಿತ್ತು. ಅವನ ಮನೆಯ ಮುಂದೆ ಗಾಡಿಯಿಂದ ಇಳಿದವಳೇ ಗುತ್ತೆವ್ವ, ಹೊಸ್ತಿಲಲ್ಲಿ ನಿಂತಿದ್ದ ಮಹಾಲಿಂಗಪ್ಪನನ್ನು ದುರುಗುಟ್ಟಿ ನೋಡಿದಳು.

“ನಿಮ್ಮ ಆಸ್ಪತ್ರಿ ಇಲ್ಲೇ ಕೂಗಳತಿಯೊಳಗ ಐತೆಲ್ರಿ ಸಾವ್ಕಾರ್ರ. ಮಗಳನ್ನ ಅಲ್ಲಿಗ್ಯಾಕ ಒಯ್ಯಲಿಲ್ಲ?”

ಅವನು ನೆಲ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದ: “ಅಲ್ಲೆ ಗಂಡಸರು ಕುಂತಿರತಾರವ್ವಾ.”