ಎರಡನೇ ಬಟ್ಟಲು

"ಕುಂದ್ರಿ ಬೀಗರೇ," ಎಂದು ರತ್ನಾಬಾಯಿ ಮೆತ್ತನೆಯ ಕುರ್ಚಿ ತೋರಿಸಿದಳು.

"ಇನ್ನಾ ಬೀಗರಾಗಿಲ್ಲರಿ," ಎನ್ನುತ್ತ ಮಡಿವಾಳಯ್ಯ ಸೆಟೆದು ಕೂತ. ಪಕ್ಕದಲ್ಲಿ ಮಗ ಸಂತೋಷಕುಮಾರ ತಲೆ ತಗ್ಗಿಸಿ ಮೆನು ಓದತೊಡಗಿದ.

ಸೇಡಂನಲ್ಲಿ ಹೊಸದಾಗಿ ತೆರೆದ ಭಾರಿ ರೆಸ್ಟೋರೆಂಟು. ದೀಪ ಮಂದ, ಎ.ಸಿ. ಜೋರು. ಸಂತೋಷಕುಮಾರನೂ ರತ್ನಾಬಾಯಿಯ ಮಗಳು ದಾನೇಶ್ವರಿಯೂ ಒಬ್ಬರನ್ನೊಬ್ಬರು ಒಪ್ಪಿ ಮೂರು ತಿಂಗಳಾಗಿತ್ತು. ಈ ಅಪ್ಪ ಮಾತ್ರ ಹೂಂ ಅನ್ನುವವನೂ ಅಲ್ಲ, ಊಹೂಂ ಅನ್ನುವವನೂ ಅಲ್ಲ! ಈ ಕಡೆ ಹೆಣ್ಣಿನವರ ಕೈಯಿಂದ ಸಿಹಿ ತಿಂದರೆ ಮಾತು ಪಕ್ಕಾ ಆದಂತೆ. ಅದಕ್ಕೇ ಮಹಾಶಯ ಮೂರು ಸಲ ಅವರ ಮನೆಗೆ ಹೋದಾಗಲೂ "ನನಗ ಶುಗರ್ ಅದರಿ" ಎಂದು ಸಪ್ಪೆ ಚಹಾ ಕುಡಿದು ಎದ್ದು ಬಂದಿದ್ದ. ಶುಗರೂ ಇಲ್ಲ, ಮಣ್ಣೂ ಇಲ್ಲ. ನಾಳೆ ನಾಲವಾರದಲ್ಲಿ ಇನ್ನೊಂದು ಹೆಣ್ಣು ನೋಡುವುದಿತ್ತು. ಇವತ್ತು ಮಾತು ಪಕ್ಕಾ ಆಗದಿದ್ದರೆ ದಾನೇಶ್ವರಿಯ ಆಸೆ ಅಲ್ಲಿಗೇ ಮುಗಿಯಿತು.

ಊಟ ಬಂತು. ಮೊರದಗಲದ ತಟ್ಟೆ, ನಡುವೆ ನಾಲ್ಕು ತುಂಡು ಪನೀರು, ಅದರ ತಲೆಯ ಮೇಲೊಂದು ಎಲೆ. ಉಪ್ಪಿಲ್ಲ, ಖಾರವಿಲ್ಲ. ನಾನ್ ಎಳೆದರೆ ಎಳೆದಷ್ಟೂ ಉದ್ದವಾಗುತ್ತಿತ್ತು. ನಂಚಿಕೊಳ್ಳಲು ಒಂಚೂರು ಶೇಂಗಾ ಹಿಂಡಿ ಕೊಡಪ್ಪಾ ಅಂದರೆ ವೇಟರು ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದ.

"ಇದಕ್ಕಿಂತ ನಮ್ಮ ಮನಿ ನಿನ್ನಿ ರೊಟ್ಟಿ ಛಲೋ," ಮಡಿವಾಳಯ್ಯ ತಟ್ಟೆ ದೂಡಿದ. "ಹೊಟ್ಟಿ ಚುರ್ ಅನ್ನಲಿಕತ್ತದ."

"ಹಂಗಾರ ಸಿಹಿ ತರಸ್ತೀನಿ. ಅಯ್ಯ, ಮರತೆ ನೋಡ್ರಿ, ನಿಮಗ ಶುಗರ್ ಅದಲ್ಲ!"

ಆದರೂ ಬೋಗುಣಿ ತುಂಬ ಡಬಲ್ ಕಾ ಮೀಠಾ ಬಂತು. ತುಪ್ಪದಲ್ಲಿ ಕರಿದ ಬ್ರೆಡ್ಡು, ಮೇಲೆ ದಪ್ಪ ಕೆನೆ, ಗೋಡಂಬಿ, ಕೇಸರಿಯ ಘಮ. ವೇಟರು ಮೂವರಿಗೂ ಒಂದೊಂದು ಬಟ್ಟಲು ಬಡಿಸಿ, ಬೋಗುಣಿಯನ್ನು ರತ್ನಾಬಾಯಿಯ ಮುಂದಿಟ್ಟು ಹೋದ. ಬಡಿಸಿದವನು ಹೋಟೆಲಿನವನು, ಇದು ಲೆಕ್ಕಕ್ಕಿಲ್ಲ ಎಂದು ಮಡಿವಾಳಯ್ಯ ತನ್ನಲ್ಲೇ ತೀರ್ಮಾನಿಸಿದ. ಒಂದು ಚಮಚ ಬಾಯಿಗಿಟ್ಟ. ಕಣ್ಣು ಮುಚ್ಚಿದ. ಕಣ್ಣು ಬಿಡುವ ಹೊತ್ತಿಗೆ ಬಟ್ಟಲು ಖಾಲಿ.

"ಆಹಾ, ಏನ್ ಮಾಡ್ಯಾರರಿ! ಇನ್ನೊಂದೀಟು ಹಾಕ್ರಿ," ಎಂದು ಮೈಮರೆತು ಬಟ್ಟಲು ಚಾಚಿದ.

ರತ್ನಾಬಾಯಿ ತಲೆಯ ಮೇಲೆ ಸೆರಗು ಸರಿಪಡಿಸಿಕೊಂಡು, ಬಲಗೈಯಿಂದ ಬಟ್ಟಲು ತುಂಬ ಬಡಿಸಿದಳು. ಅವನು ಎರಡು ಚಮಚ ನುಂಗುವವರೆಗೂ ಕಾದಳು.

"ಬಾಯಿ ಸಿಹಿ ಆತು. ಮಾತು ಪಕ್ಕಾ ಆತ್ರಿ ಬೀಗರೇ."

ಮೂರನೇ ಚಮಚ ಬಾಯಲ್ಲೇ ನಿಂತಿತು. "ಏಯ್, ಇದು ಹೋಟೆಲಿಂದರಿ!"

"ಮೊದಲನೇ ಬಟ್ಟಲು ಹೋಟೆಲಿಂದು. ಎರಡನೇದು ನೀವೇ ಕೇಳಿ ನನ್ನ ಕೈಲೆ ಹಾಕಿಸ್ಕೊಂಡೀರಿ."

"ಮತ್ತ ನಿಮ್ಮ ಶುಗರ್, ಅಪ್ಪಾ?" ಸಂತೋಷಕುಮಾರನಿಗೆ ನಗು ತಡೆಯಲಾಗಲಿಲ್ಲ.

"ನೀ ಸುಮ್ಮ ಕೂಡು!" ಎಂದು ಮಗನ ಮೇಲೆ ರೇಗಿ, ಮಡಿವಾಳಯ್ಯ ರತ್ನಾಬಾಯಿಯ ಕಡೆ ತಿರುಗಿದ. "ಇಷ್ಟು ಕೆಟ್ಟ ಊಟದ ಹೋಟೆಲ್ ನಿಮಗ ಯಾರು ತೋರಿಸಿದ್ರು?"

"ಯಾರೂ ಇಲ್ರಿ. ಮೊನ್ನೆ ನಾನೂ ದಾನೇಶ್ವರಿನೂ ಬಂದು ಎಲ್ಲಾ ತಿಂದು ನೋಡಿ ಹೋಗೀವಿ. ಊಟ ಛಲೋ ಇದ್ದಿದ್ರ ನೀವು ಸಿಹಿ ಮುಟ್ಟತಿದ್ರೇನು?"

ಮಡಿವಾಳಯ್ಯ ಮಗನ ಮುಖ ನೋಡಿದ. ಮೂರು ತಿಂಗಳಿಂದ ಆ ಮುಖದಲ್ಲಿ ಇಂಥ ನಗು ಕಂಡಿರಲಿಲ್ಲ, ಅವನಿಗೂ ಒಳಗೊಳಗೇ ಖುಷಿಯಾಯಿತು. ಆಮೇಲೆ ಬೋಗುಣಿ ನೋಡಿದ. ಇನ್ನೂ ಅರ್ಧ ಇತ್ತು.

"ನಾಲವಾರದವರಿಗಿ ಫೋನ್ ಹಚ್ಚಿ ನಾವು ಬರಂಗಿಲ್ಲಂತ ಹೇಳೋ," ಎಂದ. "ಬೀಗತೀ, ಆ ಬೋಗುಣಿ ಈ ಕಡಿ ಸರಸ್ರಿ."